ಒಡಪಿನೊಳಗಿನ ಹೆಸರು

ಆ ದಿನ ನಲ್ಲಿ ಬಂದಿತ್ತು. ಎರಡೂ ಬ್ಯಾರಲ್ ತುಂಬಿಸಿದೆ. ಅತ್ತೆಗೆ ಬಿ.ಪಿ. ಗುಳಿಗೆ ಕೊಟ್ಟೆ. ರೊಟ್ಟಿ ಬಡಿದು ಹೆಸರುಕಾಳಿನ ಪಲ್ಯ ಮಾಡಿದೆ. ಗುರೆಳ್ಳು ಹಿಂಡಿ ತಳಕ್ಕೆ ಬಂದಿತ್ತು, ಕುಟ್ಟಿ ಡಬ್ಬಿ ತುಂಬಿದೆ. ಪ್ರೆಸ್ಸಿನ ಶಟರ್ ಎತ್ತಿ, ಕಸ ಹೊಡೆದು, ಯಂತ್ರಕ್ಕೆ ಊದಿನಕಡ್ಡಿ ಬೆಳಗಿದೆ. ಶಿರೂರಿನವರ ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಿತ್ತು. ಜಗಳ ಆಗುವ ಮೊದಲೇ ಸೇರಿಸಿದೆ. ಪಾವತಿ ಪುಸ್ತಕಗಳಿಗೆ ನಂಬರು ಹೊಡೆಯಲು ಕೂತಿದ್ದಾಗ ಹುಬ್ಬಳ್ಳಿಯ ಒಬ್ಬ ಪುಸ್ತಕದಂಗಡಿಯವರ ಫೋನ್ ಬಂತು. ನಾವು ಅಚ್ಚು ಹಾಕಿದ್ದ, ಸಿಸ್ಟರ್ ಬರೆದ ಪುಸ್ತಕದ ಪ್ರತಿ ಎಷ್ಟು ಉಳಿದಿವೆ ಎಂದು ಕೇಳಿದರು.

“ಬೇಕಾದಷ್ಟು ಅದಾವ್ರಿ,” ಎಂದೆ. ಖರೆ ಮಾತು. ಅಟ್ಟದ ಮೇಲಿನ ಬಂಡಲುಗಳ ಸಂದಿಯಲ್ಲಿ ಹಿಂದಿನ ಮಳೆಗಾಲ ಬೆಕ್ಕು ಮರಿ ಹಾಕಿತ್ತು.

“ಅಷ್ಟೂ ಕಳಸ್ರಿ,” ಎಂದರು ಅವರು.

ಬಾಗಲಕೋಟೆಯ ನವನಗರದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಬಿಲ್ ಬುಕ್ಕು, ಸಾಲಿಯ ಪ್ರಗತಿಪತ್ರ ನಮ್ಮ ಅನ್ನ. ವರ್ಷಕ್ಕೆ ಒಂದೆರಡು ಪುಸ್ತಕ ನನ್ನ ಹಟ. ಯಂತ್ರ ನಡೆಸುವುದು ನಮ್ಮ ಮನೆಯವರು. ಟೈಪು, ತಿದ್ದುವುದು, ಲೆಕ್ಕ, ಜಗಳ ನನ್ನ ಪಾಲಿಗೆ. ಸಿಸ್ಟರ್ ಎಂದರೆ ಹುನಗುಂದದ ಕಡೆ ಸರಕಾರಿ ದವಾಖಾನೆಗಳಲ್ಲಿ ಜೀವಮಾನವೆಲ್ಲ ಬಾಣಂತಿಯರನ್ನು ನೋಡಿ ನಿವೃತ್ತರಾದ ನರ್ಸ್. ತಾವು ಕಂಡ ಹೆಣ್ಣುಮಕ್ಕಳ ಕಥೆಗಳನ್ನು ಹಾಳೆಯ ಎರಡೂ ಬದಿ ಒತ್ತಿ ಒತ್ತಿ ಬರೆದು ತಂದಿದ್ದರು. ಓದುತ್ತ ಒಲೆಯ ಮೇಲಿನ ಹಾಲು ಉಕ್ಕಿಸಿದ್ದೆ. ಅಚ್ಚಾದ ಮೇಲೆ ಮಾತ್ರ ಯಾರೂ ಕೇಳಲಿಲ್ಲ. ಗ್ರಂಥಾಲಯಗಳಿಗೆ ಕೆಲವು, ಅಂಗಡಿಗಳಿಗೆ ಕೆಲವು, ಉಳಿದವು ಅಟ್ಟಕ್ಕೆ.

ಸಂಜೆಯೊಳಗೆ ಧಾರವಾಡ, ಬೆಳಗಾವಿ, ಮೈಸೂರಿನಿಂದ ಫೋನು ಬಂದವು. ಏನಾಗಿದೆ ಎಂದು ತೋರಿಸಿದ್ದು ನಮ್ಮಲ್ಲಿ ಹಾಳೆ ಮಡಚಲು ಬರುವ ನನ್ನ ನಾದಿನಿ. ಕನ್ನಡ ಸಿನಿಮಾದ ನಟಿಯೊಬ್ಬರು ಓದುವ ಬಳಗವೊಂದನ್ನು ಮಾಡಿಕೊಂಡಿದ್ದಾರೆ. ತಿಂಗಳಿಗೊಂದು ಪುಸ್ತಕ ಆರಿಸಿ, ಬೆತ್ತದ ಕುರ್ಚಿಯಲ್ಲಿ ಕೂತು, ಅದರ ಅರ್ಧ ಪುಟ ಫೋನಿನಲ್ಲಿ ಓದುತ್ತಾರೆ. ಅವರು ಹಿಡಿದ ಪುಸ್ತಕ ಆ ತಿಂಗಳು ಎಲ್ಲರ ಕೈಯಲ್ಲಿ. ಈ ಸಲ ಅವರ ಕೈಯಲ್ಲಿದ್ದದ್ದು ನಮ್ಮದು.

ಪುಸ್ತಕದಲ್ಲಿ ಒಬ್ಬೊಬ್ಬಳ ಕಥೆಗೆ ಒಂದೊಂದು ಪಾಠ. ಅವರು ಓದಿದ್ದು ಒಬ್ಬ ಹೆಣ್ಣುಮಗಳ ಪಾಠದ ಮೊದಲ ತುಣುಕು. ಅದರಲ್ಲಿ ಆಕೆ ಗಂಡನ ಹೆಸರಿಟ್ಟು ಹೇಳಿದ ಒಡಪೂ ಇತ್ತು. ನಮ್ಮ ಕಡೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಲಗ್ನದಲ್ಲಿ, ಬಸುರಿಯ ಕುಬಸದಲ್ಲಿ ಒತ್ತಾಯ ಮಾಡಿದಾಗ ಎರಡು ಸಾಲಿನ ಪದ್ಯ ಕಟ್ಟಿ ಅದರೊಳಗೆ ಹೆಸರು ಪೋಣಿಸಿ ಹೇಳುತ್ತೇವೆ. ಅದೇ ಒಡಪು. ಒಬ್ಬೊಬ್ಬಳಿಗೆ ಒಂದೊಂದು, ಜೀವಮಾನಕ್ಕೆ ಅದೇ. ನಟಿ ಅದನ್ನು ನಾಚಿಕೊಂಡು ಹೇಳಿ, ಪುಸ್ತಕ ಮುಚ್ಚಿ, “ಆಮೇಲೆ ಈಕೆ ಸಿಸ್ಟರ್ ಕಿವಿಯಲ್ಲಿ ಒಂದು ಮಾತು ಹೇಳ್ತಾಳೆ. ಅದನ್ನ ನಾನು ಹೇಳಲ್ಲ. ನೀವೇ ಓದಿ,” ಎಂದು ನಕ್ಕರು.

“ಎಷ್ಟ ಚಂದ ಓದತಾಳಲೇ,” ಎಂದರು ನಮ್ಮ ಮನೆಯವರು, ಕೈಯ ಮಸಿ ಒರೆಸಿಕೊಳ್ಳುತ್ತ.

“ಇದನ್ನ ನಾ ಓದಿ ಹೇಳಿದಾಗ ಗೊರಕಿ ಹೊಡದಿದ್ರಿ.”

“ನೀ ಕುರ್ಚಿ ಮ್ಯಾಲ ಕುಂತ ಓದಿದ್ದಿಲ್ಲ,” ಎಂದರು.

ನಾಲ್ಕು ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಅಟ್ಟ ಖಾಲಿಯಾಯಿತು. ಎರಡನೇ ಮುದ್ರಣಕ್ಕೆ ಕಾಗದ ತರಿಸಿ, ಅಚ್ಚಿನ ಪ್ಲೇಟುಗಳನ್ನು ಹುಬ್ಬಳ್ಳಿಯಲ್ಲಿ ಮಾಡಿಸಿ ಬಸ್ಸಿಗೆ ಹಾಕಿಸಿಕೊಂಡೆವು. ನಮ್ಮದು ಒಂದೇ ಬಣ್ಣದ ಹಳೆಯ ಆಫ್‌ಸೆಟ್. ಒಂದು ದೊಡ್ಡ ಹಾಳೆಯ ಎರಡೂ ಮೈಗೆ ಹದಿನಾರು ಪುಟ ಕೂರುತ್ತವೆ. ಅದಕ್ಕೆ ಒಂದು ಫಾರ್ಮು ಎನ್ನುತ್ತೇವೆ. ಒಂದು ಮೈ ಹೊಡೆದು, ಮಸಿ ಆರಲು ಬಿಟ್ಟು, ತಿರುವಿ ಇನ್ನೊಂದು ಮೈ. ಹವೆ ತಂಪಿದ್ದುದರಿಂದ ಮಸಿ ಬೇಗ ಆರದೆ ಒಂದರ ಅಚ್ಚು ಇನ್ನೊಂದರ ಬೆನ್ನಿಗೆ ಹತ್ತುತ್ತಿತ್ತು. ಸ್ವಲ್ಪ ಸ್ವಲ್ಪವೇ ಎತ್ತಿ ಬೇರೆ ಬೇರೆ ಒಟ್ಟಬೇಕಾಯಿತು. ಆರನೇ ಫಾರ್ಮು ಮುಗಿಸಿ ಏಳಕ್ಕೆ ಪ್ಲೇಟು ಕಟ್ಟುವಾಗ ಹೊರಗೆ ಆಟೋ ನಿಂತ ಸದ್ದಾಯಿತು.

ಸಿಸ್ಟರ್ ಬಂದಿದ್ದರು. ಜೊತೆಗೆ ಒಬ್ಬ ಹೆಣ್ಣುಮಗಳು, ಇಳಕಲ್ ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡಿದ್ದಳು. ಸಿಸ್ಟರ್ ಪೇಢೆ ತಂದಿರಬೇಕೆಂದು ನಾನು ತಟ್ಟೆ ಹುಡುಕಲು ಹೊರಟೆ.

“ತಂಗಿ, ಕುಂದರ,” ಎಂದರು ಸಿಸ್ಟರ್. “ಒಡಪಿನಾಕಿ ಇಕಿನ.”

ಆ ಪಾಠ ಏನೆಂದು ಹೇಳಬೇಕು. ಎರಡನೇ ಹೆರಿಗೆಯಲ್ಲಿ ಆಕೆ ಸಾಯುವಷ್ಟರಲ್ಲಿ ಉಳಿದಿದ್ದಳು. ಎರಡೂ ಹೆಣ್ಣು. ಇನ್ನೊಂದು ಹೆರಿಗೆಯಾದರೆ ಜೀವಕ್ಕೆ ಖಾತ್ರಿ ಇಲ್ಲವೆಂದು ಡಾಕ್ಟರು ಹೇಳಿದ್ದರು. ಅತ್ತೆಗೂ ಗಂಡನಿಗೂ ಅದನ್ನು ಹೇಳುವ ಧೈರ್ಯ ಆಕೆಗೆ ಬರಲಿಲ್ಲ. ತವರಿಗೆ ಹೋದಾಗ ಅವ್ವನನ್ನು ಕರೆದುಕೊಂಡು ದವಾಖಾನೆಗೆ ಬಂದು ಮಕ್ಕಳಾಗದ ಆಪರೇಶನ್ ಮಾಡಿಸಿಕೊಂಡಳು. ಪಕ್ಕದಲ್ಲಿ ನಿಂತಿದ್ದವರು ಸಿಸ್ಟರ್, ಆಕೆ ಕಿವಿಯಲ್ಲಿ ಕೇಳಿಕೊಂಡದ್ದೂ ಅವರನ್ನೇ. ಗಂಡನಿಗೆ ಇದು ಗೊತ್ತಿಲ್ಲ. ಗಂಡುಮಗುವಾಗುವವರೆಗೆ ಚಪ್ಪಲಿ ಮೆಟ್ಟುವುದಿಲ್ಲವೆಂದು ಅವನು ಹರಕೆ ಹೊತ್ತ. ಅಮಾವಾಸ್ಯೆಗೊಮ್ಮೆ ಮಹಾಕೂಟದ ಹೊಂಡದಲ್ಲಿ ಮುಳುಗಿ ಬಂದ. ಹೆಣ್ಣುಮಕ್ಕಳು ಬೆಳೆದು ಲಗ್ನವಾಗಿ ಹೋದರು. ಅವನಿನ್ನೂ ಬರಿಗಾಲಿನಲ್ಲೇ ಇದ್ದಾನೆ. ಸಂಜೆ ಮನೆಗೆ ಬಂದಾಗ ಅವನ ಕಾಲಿಗೆ ನೀರು ಹಾಕುವವಳು ಇವಳು.

ಪುಸ್ತಕದಲ್ಲಿ ಇವಳ ಹೆಸರು ಬದಲಿಸಿದ್ದೆವು. ಊರನ್ನು ಇಳಕಲ್ಲಿನಿಂದ ಹೊಳೆದಂಡೆಗೆ ಒಯ್ದು, ಗಂಡನ ಮಗ್ಗವನ್ನು ಉಳ್ಳಾಗಡ್ಡಿ ಹೊಲ ಮಾಡಿದ್ದೆವು. ಬರಿಗಾಲಿನ ಹರಕೆಯವರು ಊರಿಗೆ ನಾಲ್ವರು ಸಿಗುತ್ತಾರೆ, ಅದು ಇರಲಿ ಎಂದು ಬಿಟ್ಟಿದ್ದೆವು. ಆದರೆ ಒಡಪನ್ನು ಹಾಗೆಯೇ ಇಟ್ಟಿದ್ದೆವು, ಅದರೊಳಗಿನ ಮಗ್ಗ, ಗಂಡನ ನಿಜವಾದ ಹೆಸರಿನ ಸಮೇತ. ಸಿಸ್ಟರ್ ಬರೆಯುವಾಗ ಹೊಳೆಯಲಿಲ್ಲ, ನಾನು ಎರಡು ಸಲ ಪ್ರೂಫ್ ತಿದ್ದುವಾಗಲೂ ಹೊಳೆಯಲಿಲ್ಲ. ಏಕೆಂದರೆ ಒಡಪಿನೊಳಗೆ ಬಂದ ಹೆಸರು ನಮಗೆ ಹೆಸರಲ್ಲ. ಒಡಪಿನಲ್ಲಿ ಹೇಳಿದರೆ ಹೆಸರು ಹೇಳಿದಂತಲ್ಲ ಎಂದೇ ನಾವು ಬೆಳೆದವರು. ಗಂಡಸರು ಯಾರಾದರೂ ತಿದ್ದಿದ್ದರೆ ಮೊದಲನೇ ಓದಿಗೇ ಹಿಡಿಯುತ್ತಿದ್ದರು.

“ನಮ್ಮ ಓಣ್ಯಾಗಿನ ಹುಡಿಗ್ಯಾರೆಲ್ಲಾ ಫೋನ್ ಹಿಡಕೊಂಡ ಬಂದ್ರರಿ,” ಎಂದಳು ಆಕೆ. “ದೊಡ್ಡವ್ವಾ, ನಿನ್ನ ಒಡಪು ಹೀರೋಯಿನ್ ಬಾಯಾಗ ಬಂದೈತಿ ಅಂತ.”

“ನಿಮ್ಮ ಮನಿಯವರು?”

“ಅವರು ಭಾಳ ಖುಷಿ ಆಗ್ಯಾರ್ರಿ. ಮಗ್ಗದ ಮ್ಯಾಲ ಕುಂತ ತಮ್ಮಷ್ಟಕ್ಕ ತಾವ ನಗತಾರ. ಅದ ನೋಡ್ರಿ ನನಗ ಅಂಜಿಕಿ.” ಸ್ವಲ್ಪ ತಡೆದು ಹೇಳಿದಳು. “ಓಣ್ಯಾಗ ಎಲ್ಲಾರೂ ಪುಸ್ತಕ ಹುಡುಕಾಕ ಹತ್ತ್ಯಾರ. ಕಿವ್ಯಾಗ ಏನ ಹೇಳಿದ್ಲು, ನೋಡೂಣು ಅಂತ. ಅದನ್ನ ಅಳಸ್ರಿ ಅಕ್ಕಾರ.”

“ಬರೀರಿ ಅಂತ ನೀವ ಅಂದಿದ್ರೆಲ್ಲಾ?” ಎಂದೆ. ಆ ಮಾತು ಬಾಯಿಂದ ಬರಬಾರದಿತ್ತು.

“ಅಂದಿದ್ದೆರಿ. ಪುಸ್ತಕ ಯಾರ ಓದತಾರ, ಬರೀರಿ ಅಂದಿದ್ದೆ.” ನನ್ನ ಮುಖ ನೋಡಿದಳು. “ಖರೆ ಹೇಳ್ರಿ ಅಕ್ಕಾರ, ಯಾರ ಓದತಿದ್ರು?”

ಸಿಸ್ಟರ್ ಮೂಗಿಗೆ ಸೆರಗು ಒತ್ತಿಕೊಂಡರು. ನಾನು ಒಣಗಲು ಹರಡಿದ್ದ ಆರನೇ ಫಾರ್ಮನ್ನು ನೋಡಿದೆ. ಆ ಪಾಠ ಇದ್ದದ್ದು ಅದರಲ್ಲೇ.

ಮೊದಲು ನಟಿಯ ಆಫೀಸಿಗೆ ಫೋನ್ ಹಚ್ಚಿದೆ. ಅಲ್ಲಿನ ಹುಡುಗಿ ಅದಾಗಲೇ ಎರಡು ಸಲ ಮಾತಾಡಿದ್ದಳು. ಒಡಪಿನ ನಿಜವಾದ ಹೆಂಗಸು ಸಿಕ್ಕರೆ ನಟಿಯ ಜೊತೆ ಕೂರಿಸೋಣ ಎಂದಿದ್ದಳು. ಆ ವಿಡಿಯೊ ತೆಗೆಯಿರಿ ಎಂದೆ.

“ಮೇಡಂ, ಅದು ತುಂಬಾ ಚೆನ್ನಾಗಿ ಹೋಗ್ತಿದೆ. ಜನ ತಮ್ತಮ್ಮ ಒಡಪು ಹೇಳಿ ಕಳಿಸ್ತಿದ್ದಾರೆ. ಇನ್ನೊಂದು ಸ್ವಲ್ಪ ದಿನ ಅಷ್ಟೇ. ಮುಂದಿನ ತಿಂಗಳು ಬೇರೆ ಬುಕ್ ತಗೋತೀವಿ.”

“ನಿಮಗ ತಿಂಗಳಿಗೆ ಮುಗೀತೈತಿ ತಂಗಿ, ಆಕಿಗಿ ಹಂಗಲ್ಲ,” ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವಳು ಕೆಟ್ಟವಳಲ್ಲ. ಸಂಜೆಗೆ ತಮ್ಮ ಪುಟದಿಂದ ಅದನ್ನು ತೆಗೆಸಿ, ತಾನೇ ಫೋನ್ ಮಾಡಿದಳು. “ಆದ್ರೆ ಮೇಡಂ, ಬೇರೆಯವರ ಫೋನುಗಳಲ್ಲಿ ಇರೋದನ್ನ ನಾವೇನೂ ಮಾಡಕ್ಕಾಗಲ್ಲ,” ಎಂದಳು.

ಉಳಿದದ್ದು ಪುಸ್ತಕ. ಫೋನಿನಲ್ಲಿ ಇದ್ದದ್ದು ಒಡಪು ಮಾತ್ರ, ಗುಟ್ಟು ಇದ್ದದ್ದು ಪುಸ್ತಕದಲ್ಲಿ. ಒಡಪನ್ನಷ್ಟೇ ಬದಲಿಸಿ ಆ ಒಂದು ಪ್ಲೇಟು ಹೊಸದಾಗಿ ಮಾಡಿಸಿದರೆ ಹೇಗೆ ಎಂದು ಕೂತೆವು. ಅದರಲ್ಲಿ ಮಗ್ಗ, ಲಾಳಿ, ಹೆಸರು ಮೂರೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಹೆಸರು ಕಿತ್ತರೆ ಮೊದಲ ಸಾಲು ಬೀಳುತ್ತಿತ್ತು. ನಾದಿನಿ ‘ದಂಡಿ’ ಎಂದು ಮುಗಿಯುವ ಸಾಲು ಕಟ್ಟಿದಳು.

“ಹಂಗಾದ್ರ ಗಂಡಗ ಬಂಡಿ ಅಂತ ಹೆಸರಿಡಬೇಕಾಕ್ಕೈತಿ,” ಎಂದರು ನಮ್ಮ ಮನೆಯವರು. ಒಬ್ಬರೂ ನಗಲಿಲ್ಲ. ಹೊಸ ಒಡಪು ಹಾಕಿದರೂ ಹಳೆಯದನ್ನು ಕೇಳಿದ ಜನ ಅದೇ ಪಾಠಕ್ಕೆ ಬಂದು ನಿಲ್ಲುತ್ತಿದ್ದರು. ಪಾಠವನ್ನೇ ತೆಗೆದರೆ, ಅದಕ್ಕಾಗಿಯೇ ಕಾದಿದ್ದವರು ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ಹಳೆಯ ಪ್ರತಿ ಹುಡುಕುತ್ತಾರೆ.

ಆರನೇ ಫಾರ್ಮಿನ ಹಾಳೆಗಳನ್ನು ನಾನೇ ಕತ್ತರಿಸಿದೆ. ಹಿನ್ನೀರಿನಲ್ಲಿ ಮುಳುಗಿದ ಹಳೇ ಬಾಗಲಕೋಟೆಯಿಂದ ಹೊತ್ತು ತಂದ ಕಟಿಂಗ್ ಮಷೀನು, ಗಾಲಿ ತಿರುಗಿಸಿ ಹಾಳೆ ಬಿಗಿ ಹಿಡಿದು, ಹಿಡಿಕೆ ಎಳೆದರೆ ಬ್ಲೇಡು ಇಳಿಯುತ್ತದೆ. ಒಮ್ಮೆಗೆ ಒಂದು ಗೇಣು ಎತ್ತರದ ಹಾಳೆ. ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಒಂದು ತುಣುಕಿನಲ್ಲೂ ಪೂರಾ ಸಾಲು ಉಳಿಯದಂತೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು, “ಕಾಗದದಾಂವಗ ಏನ ಹೇಳ್ಲಿ?” ಎಂದಷ್ಟೇ ಕೇಳಿದರು. ಆಮೇಲೆ ಬಂದು ಇನ್ನೊಂದು ತುದಿ ಹಿಡಿದರು. ಆ ಮುದ್ರಣ ಆಗಲೇ ಇಲ್ಲ. ಪ್ಯಾಕ್ ಮಾಡಿದ್ದ ಹಳೆಯ ಪ್ರತಿಗಳ ಅಂಚೆ ಪೊಟ್ಟಣಗಳನ್ನು ಬಿಚ್ಚಿ ಇಳಕಲ್ ವಿಳಾಸದ್ದನ್ನೆಲ್ಲ ಬೇರೆ ಇಟ್ಟೆ.

ಮರುದಿನ ಬಾದಾಮಿಗೆ ಹೋದೆ. ಹಳೆಯ ಪ್ರತಿಗಳು ಸುತ್ತಮುತ್ತ ಎಲ್ಲೆಲ್ಲಿ ಹೋಗಿದ್ದವೋ ಅಲ್ಲಿಂದ ತಿರುಗಿ ತರಬೇಕಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಐದು ವರ್ಷದಿಂದ ನನ್ನ ಪುಸ್ತಕಗಳು ಸಿನಿಮಾ ವಾರಪತ್ರಿಕೆಗಳ ಅಡಿಯಲ್ಲಿರುತ್ತಿದ್ದವು. ಈಗ ಅಂಗಡಿಯವನು ಸಿಸ್ಟರ್ ಪುಸ್ತಕವನ್ನು ಎದುರಿಗೇ ಹಗ್ಗಕ್ಕೆ ತೂಗುಹಾಕಿದ್ದ. ಕೊನೆಯ ಪ್ರತಿಯನ್ನು ಒಬ್ಬ ಶಿಕ್ಷಕಿ ಕೈಯಲ್ಲಿ ಹಿಡಿದಿದ್ದರು.

“ಅದನ್ನ ನನಗ ಕೊಡ್ರಿ. ನಾ ಇದರ ಪ್ರಕಾಶಕಿ. ತಪ್ಪಾಗೈತಿ ಅದರಾಗ.”

“ಏನ ತಪ್ಪರಿ?”

ಪುಸ್ತಕಕ್ಕೆ ಕೈ ಚಾಚಿದೆ. ಅವರು ಪುಸ್ತಕವನ್ನು ಎದೆಗೆ ಒತ್ತಿಕೊಂಡರು. “ನಮ್ಮ ಸಾಲಿ ದೊಡ್ಡ ಹುಡಿಗ್ಯಾರಿಗೆ ಓದಿ ಹೇಳಬೇಕಂತ ತಗೊಂಡೇನ್ರಿ. ತಪ್ಪಿದ್ರ ನಾ ತಿದ್ದಿ ಓದತೇನಿ.” ಇಂಥ ಓದುಗರು ಒಬ್ಬರಾದರೂ ಸಿಗಲಿ ಎಂದು ಎಷ್ಟು ವರ್ಷ ಯಂತ್ರಕ್ಕೆ ಊದಿನಕಡ್ಡಿ ಬೆಳಗಿದ್ದೆನೋ. ಸಿಕ್ಕ ದಿನ ಅವರ ಕೈಯಿಂದ ಪುಸ್ತಕ ಕಸಿಯಲು ನಿಂತಿದ್ದೆ. ಕಸಿಯಲಿಲ್ಲ. ಅವರಿಗೆ ಇಳಕಲ್ಲಿನಲ್ಲಿ ಬಂಧುಗಳು ಇಲ್ಲದಿರಲಿ ಎಂದುಕೊಂಡು ಬಸ್ ಹತ್ತಿದೆ.

ಆ ಸಂಜೆ ಇನ್ನೊಂದು ಕೆಲಸ ಮಾಡಿದೆ. ನನ್ನ ಹತ್ತಿರವಿದ್ದ ಹಳೆಯ ಪ್ರತಿಯ ಬೆನ್ನು ಬಿಸಿ ಮಾಡಿ, ಅಂಟು ಸಡಿಲಿಸಿ, ಆ ಪಾಠದ ಹಾಳೆಗಳನ್ನು ಎಳೆದು ತೆಗೆದು, ಮತ್ತೆ ಅಂಟು ಹಾಕಿ ಅದೇ ರಕ್ಷಾಪುಟ ಹೊದಿಸಿದೆ. ಮೇಲೆ ಭಾರ ಇಟ್ಟು ಒಣಗಿಸಿದೆ. ನೋಡಿದರೆ ಗೊತ್ತಾಗುತ್ತಿರಲಿಲ್ಲ, ಪುಟಸಂಖ್ಯೆ ಮಾತ್ರ ಹಾರುತ್ತಿತ್ತು. ಎಲ್ಲಿಯಾದರೂ ಪ್ರತಿ ಬಿಡಿಸಿಕೊಳ್ಳಲಾಗದಿದ್ದರೆ ಇದನ್ನು ಕೊಟ್ಟು ಅದನ್ನು ತರುವುದು ನನ್ನ ಹಂಚಿಕೆ. ಚೀಲದ ತಳದಲ್ಲಿಟ್ಟೆ.

ಹುನಗುಂದದಲ್ಲಿ ಸಿಸ್ಟರ್ ತಾವು ಬಳಗಕ್ಕೆ ಹಂಚಿದ್ದ ಪ್ರತಿಗಳನ್ನು ಕೂಡಿಸಿಟ್ಟಿದ್ದರು. ಒಂದು ಟಿವಿಯ ಕಾಲಿನ ಅಡಿಗೆ ಇತ್ತಂತೆ, ಒಂದರ ಅಂಟಿಕೊಂಡ ಹಾಳೆಗಳನ್ನು ಬಿಡಿಸಿಯೇ ಇರಲಿಲ್ಲ. “ನನ್ನ ಅಳಿಯಾನ ಓದಿಲ್ಲ ನೋಡ ತಂಗಿ,” ಎಂದರು. ಪುಸ್ತಕ ಓದದವರನ್ನು ಕಂಡು ನನಗೆ ಸಮಾಧಾನವಾದದ್ದು ಅದೊಂದೇ ದಿನ. ಇಬ್ಬರೂ ಇಳಕಲ್ ಬಸ್ ಹಿಡಿದೆವು. ಅಲ್ಲಿ ಇದ್ದದ್ದು ಗ್ರಂಥಾಲಯದ ಒಂದೇ ಪ್ರತಿ.

“ಹೊರಗ ಹೋಗೈತ್ರಿ ಅದು,” ಎಂದರು ಗ್ರಂಥಪಾಲಕರು. “ಪಾಳಿ ಹಚ್ಯಾರ ಜನಾ. ಮೊದಲ ಒಯ್ದಾಂವ ಯಾರ ಗೊತ್ತೇನ್ರಿ? ಒಬ್ಬ ನೇಕಾರ. ಬರಿಗಾಲಾಗ ಬಂದಿದ್ದ. ಮೆಂಬರ್ ಇರಲಿಲ್ಲ, ಕಾರ್ಡ್ ಮಾಡ್ಸಿ ಒಯ್ದ. ಇದರಾಗ ನನ್ನ ಹೆಸರೈತ್ರಿ ಅಂದ. ಜನ್ಮಕ್ಕ ಮೊದಲನೇ ಸಲ ಒಳಗ ಬಂದಾನ್ರಿ.”

ಸಿಸ್ಟರ್ ಅಲ್ಲೇ ಬಾಕಿನ ಮೇಲೆ ಕೂತುಬಿಟ್ಟರು. ಅವರಿಗೆ ನೀರು ಕುಡಿಸಿ ಎಬ್ಬಿಸಿದೆ. ಓದಿಬಿಟ್ಟಿದ್ದರೆ? ಆ ಮನೆಯಲ್ಲಿ ಈಗ ಏನು ನಡೆದಿರಬಹುದು? ಓಣಿ ಹೊಕ್ಕಾಗ ಮಗ್ಗದ ಸದ್ದು ಕೇಳಿತು, ಸರಿಯಾದ ಲಯದಲ್ಲಿ. ಆ ಸದ್ದಿನಿಂದಲೇ ತಿಳಿದುಕೊಂಡೆವು, ಇನ್ನೂ ಓದಿಲ್ಲ.

ಪಡಸಾಲೆಯಲ್ಲೇ ಕುಣಿ ಮಗ್ಗ. ಅವನು ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ. ಹೆಂಡತಿ ಗೋಡೆಗೆ ಕೂತು ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತಿದ್ದಳು. ಕಿವಿ ಮಂದವಾದ ಅತ್ತೆ ಮೂಲೆಯಲ್ಲಿ ಎಲೆ ಕುಟ್ಟುತ್ತಿದ್ದಳು. ನಮ್ಮನ್ನು ನೋಡಿ, “ಗಿರಾಕಿ ಬಂದಾರ, ಸೀರಿ ತೋರಸರ್ಯೋ,” ಎಂದಳು.

“ಗಿರಾಕಿ ಅಲ್ಲಬೇ, ಸಿಸ್ಟರ್ ಬಂದಾರ,” ಎಂದು ಅವನು ಕೂಗಿ ಹೇಳಿ ಕುಣಿಯಿಂದ ಎದ್ದ. ಪಾದಗಳು ಕಂಡವು. ಹಿಮ್ಮಡಿಯ ಬಿರುಕುಗಳಲ್ಲಿ ದಾರದ ಬಣ್ಣ ಕೂತಿತ್ತು. “ಬರ್ರಿ ಬರ್ರಿ. ಪುಸ್ತಕ ಮಾಡಿದಾವ್ರು ಇವರನ? ನಾ ಓದಾಕ ಹತ್ತೇನ್ರಿ. ನಾಕನೇತ್ತೆ ಕಲತಾಂವ, ಸಾವಕಾಶ ಓದತೇನಿ. ಸಂಜಿಕೊಂದ ಪಾಠ.”

“ಆ ಪುಸ್ತಕದಾಗ ಅಚ್ಚಿನ ತಪ್ಪ ಭಾಳ ಅದಾವ್ರಿ,” ಎಂದೆ. “ಬ್ಯಾರೆ ತಂದೇನಿ. ಅದನ್ನ ಕೊಟ್ಟಬಿಡ್ರಿ.”

“ಇರವಲ್ಲದ್ಯಾಕ್ರಿ. ಸೀರ್ಯಾಗೂ ಒಂದೆಳಿ ತಪ್ಪಿರತೈತಿ, ಉಟಗೊಳ್ಳೂದ ಬಿಡತಾರೇನು?”

ಸಿಸ್ಟರ್ ಮೆಲ್ಲಗೆ ಕೇಳಿದರು. “ನಿನ್ನ ಹೆಸರಿನ ಪಾಠ ಮೊದಲ ಓದ್ಲಿಲ್ಲೇನೋ ಯಪ್ಪಾ?”

ಅವನು ಸಿಸ್ಟರ್ ಏನೋ ಹುಡುಗಾಟದ ಮಾತಾಡಿದರೆಂಬಂತೆ ನಕ್ಕ. “ನಡುವಿಂದ ನೇಯಾಕ ಬರತೈತೇನ್ರಿ ಬಾಯಾರ?”

ನಮಗೆ ಚಹಾ ಆಗಬೇಕೆಂದು ಹಾಲು ತರಲು ಹೊರಗೆ ಹೋದ. ಪುಸ್ತಕ ಮಗ್ಗದ ಅಂಚಿನ ಮೇಲಿತ್ತು, ಬಟ್ಟೆ ಹೊದಿಸಿ. ಓದಿದಲ್ಲಿಗೆ ಗುರುತಾಗಿ ಕೆಂಪು ರೇಶಿಮೆ ಎಳೆ. ತೆರೆದು ನೋಡಿದೆ. ಮುಂದಿನ ಪಾಠವೇ ಅದು. ಆ ಸಂಜೆ ಅದರ ಪಾಳಿ. ಚೀಲದ ತಳದಿಂದ ನನ್ನ ಪ್ರತಿ ತೆಗೆದೆ. ಬಟ್ಟೆ ಬಿಚ್ಚಿ ಇದಕ್ಕೆ ಹೊದಿಸಿ, ಎಳೆಯನ್ನು ಅದೇ ಜಾಗಕ್ಕೆ ಇಟ್ಟರೆ ಮುಗಿಯಿತು. ಗ್ರಂಥಾಲಯದ ಮುದ್ರೆ ಇಲ್ಲವೆಂದು ಅವನು ನೋಡುವವನಲ್ಲ. ಬಟ್ಟೆಯ ಒಂದು ಮಗ್ಗುಲು ಬಿಚ್ಚಿದ್ದೆ.

“ಬ್ಯಾಡ್ರಿ ಅಕ್ಕಾರ,” ಎಂದಳು ಆಕೆ. ಕಂಡಿಕೆ ಸುತ್ತುವುದನ್ನು ನಿಲ್ಲಿಸಿರಲಿಲ್ಲ.

“ನೀವ ಬಂದ ಹೇಳಿದ್ರಿ, ಅಳಸ್ರಿ ಅಂತ.”

“ಹೇಳಿದ್ದೆರಿ. ಆವಾಗ ಇವರು ಓದಾಕ ಹತ್ತಿದ್ದಿಲ್ಲ.” ಅತ್ತೆಯ ಕಡೆ ಒಮ್ಮೆ ನೋಡಿ ಮುಂದುವರಿಸಿದಳು. “ದಿನಾ ಓದಿ ಹೇಳತಾರ ನನಗ. ನಿನ್ನಿ ಪಾಠದಾಗ ಒಬ್ಬಾಕಿ ಹಡಿಯೂದರಾಗ ಸತ್ಲು. ಓದೂದು ನಿಂದ್ರಿಸಿ ಕೇಳಿದ್ರು, ನಿನಗೂ ಹಿಂಗ ಆಗಿತ್ತೇನ ಅಂತ. ಇಷ್ಟ ವರ್ಸದಾಗ ಒಮ್ಮೆರ ಕೇಳಿದ್ದಿಲ್ಲರಿ.”

“ಏನಂದ್ರಿ ಮತ್ತ?”

“ಮುಂದ ಓದ್ರಿ ಅಂದೆ.”

ಸಿಸ್ಟರ್ ನನ್ನ ಕೈಯಿಂದ ನನ್ನ ಪ್ರತಿ ತೆಗೆದುಕೊಂಡು ಚೀಲಕ್ಕೆ ಹಾಕಿದರು. ನಾನು ಬಟ್ಟೆಯನ್ನು ಮೊದಲಿನಂತೆ ಮಡಚಿ, ಎಳೆ ಸರಿಮಾಡಿ ಇಟ್ಟೆ.

ದೀಪ ಹಚ್ಚಿದ ಮೇಲೆ ಅವನು ಕೈಕಾಲು ತೊಳೆದು ಕಂಬಕ್ಕೆ ಒರಗಿ ಕೂತ. ಓದುವುದಕ್ಕೆ ಶುರುಮಾಡಿದ. ಪ್ರತಿ ಶಬ್ದವನ್ನೂ ಬಿಡಿಸಿ, ಬೆರಳು ಸರಿಸಿ, ಸಾಲು ಮುಗಿದಾಗ ಉಸಿರು ತೆಗೆದುಕೊಂಡು. ಒಡಪು ಬಂತು. ಮೂರು ಸಲ ಓದಿದ. “ನೋಡಬೇ, ನನ್ನ ಹೆಸರು,” ಎಂದು ಅವ್ವನಿಗೆ ಕೂಗಿದ. ಅವಳು ಸೀರೆ ವ್ಯಾಪಾರ ಕುದುರಿತೆಂದು ತಿಳಿದು ತಲೆಯಾಡಿಸಿದಳು. ಹೆಂಡತಿ ಕಂಡಿಕೆ ಕೆಳಗಿಟ್ಟು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಎದ್ದು ಓಡಿಹೋಗಬೇಕೆನಿಸಿತು ನನಗೆ. ಅಲ್ಲಿದ್ದ ಒಂದೊಂದು ಅಕ್ಷರವನ್ನೂ ಟೈಪು ಮಾಡಿದವಳು ನಾನು. ಮುಂದಿನ ಸಾಲು ಯಾವುದೆಂದು ಅವನ ಬೆರಳಿಗಿಂತ ಮೊದಲೇ ಗೊತ್ತಿತ್ತು.

ಆಪರೇಶನ್ ಎಂಬ ಶಬ್ದವನ್ನು ಎರಡು ಸಲ ಬಿಡಿಸಿದ. ಆಮೇಲೆ ದನಿ ಸಣ್ಣದಾಯಿತು. ಆಮೇಲೆ ತುಟಿಗಳು ಮಾತ್ರ ಆಡಿದವು. ಆಮೇಲೆ ಅವೂ ನಿಂತವು. ಬೆರಳು ಮಾತ್ರ ಸಾಲಿನಿಂದ ಸಾಲಿಗೆ ಇಳಿಯಿತು, ಪಾಠದ ಕೊನೆಯವರೆಗೆ. ಕೆಂಪು ಎಳೆಯನ್ನು ಅಲ್ಲಿಗೆ ಇಟ್ಟು, ಪುಸ್ತಕ ಮುಚ್ಚಿ, ಮಗ್ಗದ ಅಂಚಿಗೆ ಇಟ್ಟು ಹೊರಗೆ ನಡೆದ. ಯಾರ ಮುಖವನ್ನೂ ನೋಡಲಿಲ್ಲ.

ಆ ಹೊತ್ತು ಹೇಗೆ ಕಳೆಯಿತೆಂದು ಬರೆಯಲಾರೆ. ಸಿಸ್ಟರ್ ಒಮ್ಮೆ, “ಹುಡುಕಾಕ ಹೋಗೂಣೇನು?” ಎಂದರು. “ಎಲ್ಲೆ ಅಂತ?” ಎಂದಳು ಆಕೆ. ಒಲೆ ಹಚ್ಚಿ ಹಿಟ್ಟು ನಾದಿದಳು. ರೊಟ್ಟಿ ಬಡಿಯುವ ಸದ್ದಿನಲ್ಲಿ ಬಾಗಿಲ ಸದ್ದು ಕೇಳಿಸದೆಂದು ನಡುನಡುವೆ ಕೈ ತಡೆದು ಕಿವಿಗೊಡುತ್ತಿದ್ದಳು. ನಾನು ಪಲ್ಯಕ್ಕೆ ಪುಂಡಿ ಸೊಪ್ಪು ಸೋಸಿದೆ. ಕೊನೆಯ ಬಸ್ಸು ಹೋಯಿತು.

ಓಣಿಯಲ್ಲಿ ಚಪ್ಪಲಿಯ ಸಪ್ಪಳ ಬಂತು. ಆ ಮನೆಯ ಬಾಗಿಲಿಗೆ ಅಂಥ ಸಪ್ಪಳದ ರೂಢಿ ಇರಲಿಲ್ಲ. ಯಾರೋ ನೆರೆಯವರೆಂದು ಆಕೆ ಏಳಲಿಲ್ಲ. ಮೆಟ್ಟಿಲ ಹತ್ತಿರ ಅದು ನಿಂತಿತು. ಅವನೇ. ಹೊಸ ಚಪ್ಪಲಿ ಕಳಚಿಟ್ಟು, ರೂಢಿಯಂತೆ ಕಾಲು ಮುಂದೆ ಮಾಡಿ ನಿಂತ. ಆಕೆ ತಂಬಿಗೆ ತಂದು ನೀರು ಹಾಕಿದಳು. ಹೆಬ್ಬೆರಳ ಸಂದಿಯಲ್ಲಿ ಅದಾಗಲೇ ಚರ್ಮ ಕಿತ್ತಿತ್ತು. ಅಲ್ಲಿ ನೀರು ಬಿದ್ದಾಗ ಕಾಲು ಸ್ವಲ್ಪ ಹಿಂದೆಳೆದ, ಮತ್ತೆ ಮುಂದಿಟ್ಟ. ಆಕೆ ಮೇಲೆ ನೋಡಲಿಲ್ಲ, ಅವನು ಕೆಳಗೆ ನೋಡಲಿಲ್ಲ.

ಜೋಳದ ರೊಟ್ಟಿ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಅವನು ಎರಡು ರೊಟ್ಟಿ ಉಂಡ; ದಿನಾ ಮೂರಂತೆ. ನಡುವೆ ಒಂದೇ ಮಾತಾಡಿದ, ಅದೂ ನನಗೆ. “ಅಚ್ಚು ಸ್ವಚ್ಛ ಐತ್ರಿ. ಕಣ್ಣಿಗೆ ತ್ರಾಸಾಗೂದಿಲ್ಲ.” ಸಿಸ್ಟರ್ ಅರ್ಧ ರೊಟ್ಟಿ, ನಾನು ಒಂದು. ಆಕೆ ಎಲ್ಲರಿಗೂ ಬಡಿಸಿ ತನಗೆ ಮುಚ್ಚಿಟ್ಟುಕೊಂಡಳು. ಉಂಡದ್ದನ್ನು ನಾನು ಕಾಣಲಿಲ್ಲ.

ಇದನ್ನು ಬರೆಯುವ ಮೊದಲು ಅವಳನ್ನು ಕೇಳಿದ್ದೇನೆ. “ಒಡಪು ಬಿಟ್ಟು ಬರೀರಿ, ಇವರೂ ಹೂಂ ಅಂದಾರ,” ಎಂದಳು. ಇಲ್ಲಿಯೂ ಕೆಲವು ಬದಲಿಸಿದ್ದೇನೆ, ಯಾವುವೆಂದು ಹೇಳುವುದಿಲ್ಲ. ಆ ಚಪ್ಪಲಿ ಸಿಟ್ಟಿನದೋ, ಹರಕೆ ಇಳಿಸಿದ್ದೋ, ಕೇಳುವ ಧೈರ್ಯ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಮೊದಲು ಮಲಗಿದವನು ಅವನೇ, ಮಗ್ಗದ ಪಕ್ಕದಲ್ಲಿ, ಗೋಡೆಗೆ ಮುಖ ಮಾಡಿ. ಆಮೇಲೆ ಅತ್ತೆ, ಇವರು ಸೀರೆ ಕೊಳ್ಳದೆ ಉಂಡು ಮಲಗಿದರೆಂದು ಗೊಣಗುತ್ತ. ನಾನು ಚೀಲವನ್ನು ತಲೆದಿಂಬು ಮಾಡಿಕೊಂಡೆ. ಪಾಠ ಕಿತ್ತ ಪುಸ್ತಕದ ಮೂಲೆ ಕಿವಿಗೆ ಚುಚ್ಚುತ್ತಿತ್ತು. ಕಣ್ಣು ಹತ್ತುವ ಮುಂಚೆ ಕಂಡದ್ದು ಇಷ್ಟು: ಆಕೆ ಬಾಗಿಲು ತೆರೆದು, “ನಾಯಿ ಒಯ್ದಗಿಯ್ದೀತು,” ಎಂದು ತನಗೆ ತಾನೇ ಅಂದುಕೊಂಡು, ಚಪ್ಪಲಿಗಳನ್ನು ಒಳಗೆ ತಂದು ಹೊಸ್ತಿಲ ಪಕ್ಕ ಜೋಡಿಸಿಟ್ಟಳು. ಅವಳು ಯಾವಾಗ ಮಲಗಿದಳೋ ನಾನು ಕಾಣೆ.